ಕಡಿಮೆ ಒತ್ತಡ ಉತ್ತರಕ್ಕಿದ್ದರೆ ಗಾಳಿ ಪಶ್ಚಿಮದಿಂದ ಯಾಕೆ ಬರುತ್ತೆ?

ಪ್ರಶ್ನೆ: ಸರ್, ನಮ್ಮದು ಕೊಪ್ಪಳ ಜಿಲ್ಲೆ, ಕುಕನೂರು ತಾಲೂಕು. ಹೊಲದ ಪಕ್ಕದಲ್ಲೇ ಕರೆಂಟು ತೆಗೆಯುವ ಎರಡು ಗಾಳಿ ಫ್ಯಾನ್ ನಿಂತಿವೆ. ಗಾಳಿ ಹೆಚ್ಚು ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ ಬೀಸುತ್ತೆ ಅಂತ ಶಾಲೆಯಲ್ಲಿ ಓದಿದ್ದೆ. ಮಳೆಗಾಲದಲ್ಲಿ ಕಡಿಮೆ ಒತ್ತಡ ರಾಜಸ್ಥಾನದ ಕಡೆ, ಅಂದರೆ ನಮಗೆ ಉತ್ತರಕ್ಕೆ ಇರುತ್ತೆ ಅಂತಾರೆ. ಹಾಗಾದರೆ ನಮ್ಮಲ್ಲಿ ಗಾಳಿ ದಕ್ಷಿಣದಿಂದ ಬರಬೇಕಲ್ವಾ? ಆಷಾಢದಲ್ಲಿ ಇಲ್ಲಿ ಪಡುವಣ ಗಾಳಿನೇ ಬೀಸೋದು. ಎರಡನೇದು, ಶಿವರಾತ್ರಿ ಆಸುಪಾಸಿನಲ್ಲಿ ರಾತ್ರಿ ಅಂಗಳದ ಬೇವಿನಮರದ ಎಲೆ ಅಲ್ಲಾಡಲ್ಲ, ಫ್ಯಾನ್ ಮಾತ್ರ ತಿರುಗ್ತಾನೇ ಇರುತ್ತೆ. ಮೂರನೇದು, ನಮ್ಮಜ್ಜ ಜೋಳ ತೂರೋಕೆ ಹೊತ್ತೇರೋವರೆಗೂ ಕಾಯ್ತಿದ್ದ. ಇದಕ್ಕೂ ಗಾಳಿ ಲೆಕ್ಕಕ್ಕೂ ಸಂಬಂಧ ಇದೆಯಾ?

ಉತ್ತರ: ನಿಮ್ಮ ಶಾಲೆಯ ಪಾಠ ಸುಳ್ಳಲ್ಲ. ಅರ್ಧಕ್ಕೆ ನಿಂತಿದೆ, ಅಷ್ಟೆ. ಗಾಳಿ ಹೊರಡುವುದು ಕಡಿಮೆ ಒತ್ತಡದ ಕಡೆಗೇ. ಆದರೆ ನೇರ ಅಲ್ಲಿಗೆ ಹೋಗಿ ಸೇರುವುದಿಲ್ಲ. ದಾರಿಯಲ್ಲಿ ಬಲಕ್ಕೆ ಹೊರಳುತ್ತಾ ಹೋಗಿ, ಕೊನೆಗೆ ಆ ಕಡಿಮೆ ಒತ್ತಡವನ್ನು ತನ್ನ ಎಡಗಡೆ ಇಟ್ಟುಕೊಂಡು ಸಾಗುತ್ತದೆ.

ನಂಬಿಕೆ ಬರದಿದ್ದರೆ ಈ ಆಷಾಢದಲ್ಲಿ ಹೊಲಕ್ಕೆ ಹೋಗಿ ನೋಡಿ. ಗಾಳಿಗೆ ಬೆನ್ನು ಕೊಟ್ಟು ನಿಂತುಕೊಳ್ಳಿ. ಪಡುವಣ ಗಾಳಿಯಾದ್ದರಿಂದ ನಿಮ್ಮ ಮುಖ ಪೂರ್ವಕ್ಕಿರುತ್ತದೆ. ಎಡಗೈ ಚಾಚಿ. ಅದು ಉತ್ತರ ತೋರಿಸುತ್ತದೆ. ರಾಜಸ್ಥಾನ ಇರುವುದು ಆ ಕಡೆಯೇ ಅಲ್ವಾ? ಇದನ್ನು ಸೂತ್ರವಾಗಿ ಹೇಳಿದವರು ನೆದರ್ಲೆಂಡಿನ ಹವಾಮಾನ ತಜ್ಞ ಬೈಸ್ ಬ್ಯಾಲಟ್, 1857ರಲ್ಲಿ. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಒತ್ತಡ ಎಡಕ್ಕಿರುತ್ತದೆ ಅನ್ನುವುದೇ ಆ ಸೂತ್ರ. ಇದು ಸಮಭಾಜಕದ ಈಚೆ, ಉತ್ತರಾರ್ಧದ ಮಾತು. ಆಚೆಯವರಿಗೆ ಬಲಕ್ಕೆ.

ನಿಮಗಂತೂ ಬೆನ್ನು ಕೊಟ್ಟು ನಿಲ್ಲುವ ಕಷ್ಟವೂ ಬೇಡ, ಹೊಲದ ಪಕ್ಕದಲ್ಲೇ ಫ್ಯಾನ್ ಇವೆಯಲ್ಲ. ಈಗಿನ ದೊಡ್ಡ ಫ್ಯಾನುಗಳೆಲ್ಲ ಗಾಳಿ ಬರುವ ಕಡೆಗೆ ಮುಖ ಮಾಡಿಯೇ ತಿರುಗುತ್ತವೆ. ಒಳಗಿನ ಮೋಟಾರು ಮೇಲಿನ ಡಬ್ಬಿಯನ್ನೇ ಹೊರಳಿಸಿ ರೆಕ್ಕೆಗಳನ್ನು ಗಾಳಿಗೆದುರು ನಿಲ್ಲಿಸುತ್ತದೆ. ರೆಕ್ಕೆ ಇರುವ ಕಡೆಯಿಂದ ಗಾಳಿ ಬರುತ್ತದೆ, ಡಬ್ಬಿಯ ಬಾಲ ಇರುವ ಕಡೆಗೆ ಹೋಗುತ್ತದೆ. ಬಾಲ ತೋರಿಸುವ ಕಡೆಗೆ ಮುಖ ಮಾಡಿ ನಿಂತರೆ ಕಡಿಮೆ ಒತ್ತಡ ನಿಮ್ಮ ಎಡಕ್ಕೆ. ಕೋಟಿಗಟ್ಟಲೆ ಬೆಲೆಯ ದಿಕ್ಕುಯಂತ್ರ ಹೊಲದ ಬದುವಿನಲ್ಲಿ ಪುಕ್ಕಟೆ ನಿಂತಿದೆ. ಬಿಡಬೇಡಿ.

ಈಗ ಕಾರಣಕ್ಕೆ ಬರೋಣ. ಒತ್ತಡ ಅಂದರೆ ನಮ್ಮ ತಲೆಯ ಮೇಲಿರುವ ಗಾಳಿಯ ಭಾರ. ಅದನ್ನು ಅಳೆಯುವ ಮಾನ ಮಿಲಿಬಾರ್. ಸಮುದ್ರಮಟ್ಟದಲ್ಲಿ ಅದು ಸರಾಸರಿ 1013 ಮಿಲಿಬಾರ್. ಇದನ್ನು ಕೇಳಿದ ತಕ್ಷಣ ಹುಡುಗರು ಒಂದು ತಕರಾರು ತೆಗೆಯಬೇಕು, ಯಾರೂ ತೆಗೆಯುವುದಿಲ್ಲ. ಕೆಲವು ಫೋನುಗಳಲ್ಲಿ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಕೊಪ್ಪಳದಲ್ಲಿ ಅದನ್ನು ನೋಡಿದರೆ 950ರ ಆಸುಪಾಸು ತೋರಿಸುತ್ತದೆ. ಕಾರವಾರದಲ್ಲಿ ಅದೇ ಹೊತ್ತಿಗೆ 1010 ಇರುತ್ತದೆ. 60 ಮಿಲಿಬಾರ್ ಫರಕು ಅಂದರೆ ಚಂಡಮಾರುತಗಳಲ್ಲೂ ದೊಡ್ಡವುಗಳಲ್ಲೇ ಸಿಗುವಂಥದ್ದು. ಹಾಗಾದರೆ ಕಾರವಾರದ ಗಾಳಿಯೆಲ್ಲ ವರ್ಷವಿಡೀ ಕೊಪ್ಪಳಕ್ಕೆ ನುಗ್ಗಬೇಕಿತ್ತಲ್ಲ?

ನುಗ್ಗುವುದಿಲ್ಲ. ಕೊಪ್ಪಳ ಸಮುದ್ರಮಟ್ಟದಿಂದ ಸುಮಾರು 530 ಮೀಟರ್ ಮೇಲಿದೆ. 8-9 ಮೀಟರ್ ಏರಿದರೆ ಒಂದು ಮಿಲಿಬಾರ್ ಇಳಿಯುತ್ತದೆ. ಆ 60 ಮಿಲಿಬಾರ್ ಪೂರ್ತಿ ಎತ್ತರದ ಲೆಕ್ಕ. ಕೆಳಗಿನ ಒತ್ತಡ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ, ಭೂಮಿಯ ಸೆಳೆತ ಅಷ್ಟೇ ಜೋರಾಗಿ ಕೆಳಕ್ಕೆ ಎಳೆಯುತ್ತದೆ. ಇಬ್ಬರೂ ಸರಿಸಮ. ಅದಕ್ಕೇ ಹವಾಮಾನದವರು ಎಲ್ಲ ಊರಿನ ಒತ್ತಡವನ್ನೂ ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿ, ಆಮೇಲೆ ಹೋಲಿಸುತ್ತಾರೆ. ಒಂದೇ ಮಟ್ಟದಲ್ಲಿ ಅಕ್ಕಪಕ್ಕದ ಊರುಗಳ ನಡುವೆ ಎಷ್ಟು ಫರಕಿದೆ ಅನ್ನುವುದಷ್ಟೇ ಗಾಳಿಗೆ ಮುಖ್ಯ.

ಫೋನ್ ನೋಡುವವರಾದರೆ ಇನ್ನೊಂದು ತಮಾಷೆ ಕಾಣುತ್ತದೆ. ಬೆಳಿಗ್ಗೆ 10ರ ಹೊತ್ತಿಗೆ ಒತ್ತಡ ಏರಿರುತ್ತದೆ, ಸಂಜೆ 4ರ ಹೊತ್ತಿಗೆ ಮೂರು ನಾಲ್ಕು ಮಿಲಿಬಾರ್ ಇಳಿದಿರುತ್ತದೆ. ರಾತ್ರಿ 10ಕ್ಕೆ ಮತ್ತೆ ಏರಿಕೆ. ನಮ್ಮಂಥ ಉಷ್ಣವಲಯದಲ್ಲಿ ದಿನಾ ಹೀಗೇ. ಆದರೆ ಇದರಿಂದ ಬಿರುಗಾಳಿಯೇನೂ ಏಳುವುದಿಲ್ಲ. ಕೊಪ್ಪಳದಲ್ಲಿ ಇಳಿದಾಗ ಬಳ್ಳಾರಿ, ರಾಯಚೂರು, ಕರ್ನೂಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇಳಿದಿರುತ್ತದೆ. ಕಾಲುವೆಯ ನೀರು ಎರಡೂ ತುದಿಯಲ್ಲಿ ಒಂದೇ ಸಮ ಇಳಿದರೆ ಹರಿವು ಹೆಚ್ಚುವುದಿಲ್ಲವಲ್ಲ, ಹಾಗೆ. ಬೇಕಾದದ್ದು ಇಳಿಜಾರು.

ಆ ಇಳಿಜಾರಿನ ಬಲ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿದರೆ ದಂಗಾಗುತ್ತೀರಿ. 100 ಕಿಲೋಮೀಟರಿಗೆ ಒಂದೇ ಒಂದು ಮಿಲಿಬಾರ್ ಫರಕು ಇದೆ ಅನ್ನಿ. ಹೆಚ್ಚುಕಡಿಮೆ ಕೊಪ್ಪಳದಿಂದ ಬಳ್ಳಾರಿಗೆ ಹೋಗುವಷ್ಟು ದೂರ. ಈ ಬಲ ಭೂಮಿಯ ಸೆಳೆತದ ಹತ್ತು ಸಾವಿರದಲ್ಲಿ ಒಂದು ಪಾಲೂ ಇಲ್ಲ. ಆದರೂ ಬೇರೆ ಯಾರೂ ಅಡ್ಡ ಬರದೆ ಇದೊಂದೇ ತಳ್ಳುತ್ತಾ ಹೋದರೆ ಒಂದು ಗಂಟೆಯಲ್ಲಿ ಗಾಳಿಗೆ ಗಂಟೆಗೆ 11 ಕಿಲೋಮೀಟರ್ ವೇಗ ಬರುತ್ತದೆ. ಮೂರು ಗಂಟೆಯಲ್ಲಿ 34. ಒಂದು ಹಗಲು ಒಂದು ರಾತ್ರಿ ಕಳೆಯುವ ಹೊತ್ತಿಗೆ 270. ಊರಲ್ಲಿ ಒಂದು ತಗಡೂ ಉಳಿಯುವುದಿಲ್ಲ. ಹಾಗೆ ಆಗುತ್ತಿಲ್ಲ ಅಂದಮೇಲೆ ತಡೆಯುವವರು ಬೇರೆ ಯಾರೋ ಇದ್ದಾರೆ ಅಂತಾಯಿತು. ಒಬ್ಬರಲ್ಲ, ಇಬ್ಬರಿದ್ದಾರೆ: ಭೂಮಿಯ ತಿರುಗಾಟ ಮತ್ತು ನೆಲದ ತಿಕ್ಕಾಟ.

ಮೊದಲು ತಿರುಗಾಟ. ಭೂಮಿ ಪೂರ್ವಕ್ಕೆ ತಿರುಗುತ್ತಿದೆ. ಸಮಭಾಜಕದ ಮೇಲೆ ನಿಂತವನು ಸುಮ್ನೆ ನಿಂತರೂ ಗಂಟೆಗೆ 1670 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಹೋಗುತ್ತಿರುತ್ತಾನೆ. ಕೊಪ್ಪಳ ಇರುವುದು 15 ಡಿಗ್ರಿ ಚಿಲ್ಲರೆ ಉತ್ತರಕ್ಕೆ. ಇಲ್ಲಿ ಭೂಮಿಯ ಸುತ್ತಳತೆ ಸ್ವಲ್ಪ ಕಡಿಮೆ, ಹಾಗಾಗಿ ನೀವು ಹೋಗುತ್ತಿರುವುದು ಸುಮಾರು 1610ರಲ್ಲಿ. ಈಗ ಸಮಭಾಜಕದಿಂದ ಗಾಳಿ ಉತ್ತರಕ್ಕೆ, ನಮ್ಮ ಕಡೆಗೆ ಹೊರಟಿತು ಅನ್ನಿ. ಅದು ತನ್ನ 1670ರ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಬರುತ್ತದೆ. ಇಲ್ಲಿಗೆ ಬರುವ ಹೊತ್ತಿಗೆ ನಮ್ಮ ನೆಲಕ್ಕಿಂತ 60 ಜಾಸ್ತಿ ಇರುತ್ತದೆ, ಪೂರ್ವದ ಕಡೆಗೆ. ನೆಲದ ಮೇಲೆ ನಿಂತ ನಮಗೆ ಅದು ಪಶ್ಚಿಮದಿಂದ ಬಂದು ಮುಂದೆ ಓಡಿದ ಹಾಗೆ ಕಾಣುತ್ತದೆ.

ಈ ವಿವರಣೆಯನ್ನು 1735ರಲ್ಲಿ ಕೊಟ್ಟವರು ಇಂಗ್ಲೆಂಡಿನ ಜಾರ್ಜ್ ಹ್ಯಾಡ್ಲಿ. ಅವರ ಲೆಕ್ಕದಲ್ಲಿ ಒಂದು ಕೊರತೆ ಇತ್ತು. ಕೈಚಾಚಿ ಗಿರಗಿರ ತಿರುಗುವ ಹುಡುಗಿ ಕೈಯನ್ನು ಎದೆಗೆ ಮಡಚಿಕೊಂಡರೆ ಇನ್ನೂ ಜೋರಾಗಿ ತಿರುಗುತ್ತಾಳೆ. ಹಾಗೆಯೇ ಉತ್ತರಕ್ಕೆ ಬಂದ ಗಾಳಿ ಭೂಮಿಯ ಅಕ್ಷಕ್ಕೆ ಹತ್ತಿರವಾಗುವುದರಿಂದ ತನ್ನ ವೇಗ ಉಳಿಸಿಕೊಳ್ಳುವುದಷ್ಟೇ ಅಲ್ಲ, ಕೂಡಿಸಿಕೊಳ್ಳುತ್ತದೆ. ಅದನ್ನೂ ಸೇರಿಸಿದರೆ 60 ಅಲ್ಲ, 120. ನಿಜಕ್ಕೂ ಅಷ್ಟು ವೇಗ ನಮ್ಮ ಹೊಲಕ್ಕೆ ಬರುವುದಿಲ್ಲ. ದಾರಿಯ ತಿಕ್ಕಾಟ ಅದನ್ನು ತಿಂದು ಹಾಕುತ್ತದೆ. ಈ ತಿರುಗಾಟದ ಬಲಕ್ಕೆ ಹೆಸರು ಬಂದದ್ದು ಫ್ರಾನ್ಸಿನ ಕೊರಿಯೊಲಿಸ್ ಅವರಿಂದ. ಅವರು 1835ರಲ್ಲಿ ತಲೆ ಕೆಡಿಸಿಕೊಂಡಿದ್ದು ತಿರುಗುವ ಯಂತ್ರಗಳ ಬಗ್ಗೆ, ಗಾಳಿಯ ಬಗ್ಗೆ ಅಲ್ಲವೇ ಅಲ್ಲ. ಹೆಸರು ಮಾತ್ರ ಗಾಳಿಗೆ ಅಂಟಿಕೊಂಡಿತು.

ಇದರ ಗುಣ ವಿಚಿತ್ರ. ನಮ್ಮ ಅರ್ಧಗೋಳದಲ್ಲಿ ಗಾಳಿ ಯಾವ ದಿಕ್ಕಿಗೆ ಹೋಗುತ್ತಿದ್ದರೂ ಇದು ಬಲಕ್ಕೇ ಎಳೆಯುತ್ತದೆ. ಗಾಳಿ ನಿಂತಿದ್ದರೆ ಈ ಬಲವೂ ಇಲ್ಲ. ಗಾಳಿ ಜೋರಾದಷ್ಟೂ ಇದೂ ಜೋರು. ಆದರೆ ವೇಗವನ್ನು ತಾನಾಗಿ ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲ. ಬರೀ ದಾರಿ ತಿರುಗಿಸುತ್ತದೆ.

ನಾನು ಹಳ್ಳಿಗಳಲ್ಲಿ ಇದನ್ನು ಹೇಳುವಾಗ ಜೋಡೆತ್ತಿನ ಬಂಡಿ ತರುತ್ತೇನೆ. ಎಡಗಡೆ ಎತ್ತು ಒತ್ತಡದ್ದು. ಅದು ಯಾವಾಗಲೂ ಒಂದೇ ಸಮ ಎಡಕ್ಕೆ, ಅಂದರೆ ಕಡಿಮೆ ಒತ್ತಡದ ಕಡೆಗೆ ಜಗ್ಗುತ್ತದೆ. ಬಲಗಡೆ ಎತ್ತು ಭೂಮಿಯ ತಿರುಗಾಟದ್ದು. ಅದು ಸೋಮಾರಿ. ಬಂಡಿ ನಿಂತಿದ್ದರೆ ಅದೂ ಮಲಗಿರುತ್ತದೆ. ಬಂಡಿ ಓಡಿದಷ್ಟೂ ಅದಕ್ಕೆ ಹುರುಪು, ಬಲಕ್ಕೆ ಜಗ್ಗುತ್ತದೆ. ಮೊದಲು ಎಡಗಡೆಯದೊಂದೇ ಜಗ್ಗುವುದರಿಂದ ಬಂಡಿ ಎಡಕ್ಕೆ ಹೊರಡುತ್ತದೆ. ವೇಗ ಬಂದ ಹಾಗೆ ಬಲಗಡೆಯದು ಏಳುತ್ತದೆ, ಬಂಡಿ ಬಲಕ್ಕೆ ಹೊರಳುತ್ತದೆ. ಕೊನೆಗೆ ಎರಡೂ ಸರಿಸಮ ಜಗ್ಗುವ ಹೊತ್ತಿಗೆ ಬಂಡಿ ಎಡಕ್ಕೂ ಹೋಗುವುದಿಲ್ಲ, ಬಲಕ್ಕೂ ಹೋಗುವುದಿಲ್ಲ. ಮುಂದಕ್ಕೆ ಹೋಗುತ್ತದೆ. ಕಡಿಮೆ ಒತ್ತಡ ಎಡಗಡೆಯೇ ಉಳಿಯಿತು ನೋಡಿ. ಮೇಲಿನ ಗಾಳಿ, ಅಂದರೆ ಒಂದು ಕಿಲೋಮೀಟರಿಗಿಂತ ಎತ್ತರದ್ದು, ಬಹುಮಟ್ಟಿಗೆ ಹೀಗೇ ಹೋಗುತ್ತದೆ.

ನಮ್ಮ ಮುಂಗಾರಿಗೆ ಇದನ್ನು ಹಚ್ಚಿ ನೋಡೋಣ. ಜುಲೈನಲ್ಲಿ ಕೇರಳದ ತುದಿಯಲ್ಲಿ ಒತ್ತಡ ಸುಮಾರು 1009 ಮಿಲಿಬಾರ್ ಇದ್ದರೆ ರಾಜಸ್ಥಾನ-ಪಾಕಿಸ್ತಾನ ಗಡಿಯಲ್ಲಿ ಸುಮಾರು 996. ಎರಡು ಸಾವಿರ ಚಿಲ್ಲರೆ ಕಿಲೋಮೀಟರಿಗೆ 13. ಅಂದರೆ 100 ಕಿಲೋಮೀಟರಿಗೆ ಅರ್ಧ ಮಿಲಿಬಾರ್‌ಗಿಂತ ತುಸು ಜಾಸ್ತಿ. ಇಷ್ಟು ಇಳಿಜಾರಿಗೆ ನಮ್ಮ ಅಕ್ಷಾಂಶದಲ್ಲಿ ಎರಡೂ ಎತ್ತು ಸರಿಸಮ ಆಗಬೇಕಾದರೆ ಬಂಡಿ ಗಂಟೆಗೆ 40 ಕಿಲೋಮೀಟರಿಗಿಂತ ತುಸು ಜೋರಾಗಿಯೇ ಓಡಬೇಕು. ಆಷಾಢದಲ್ಲಿ ನಮ್ಮ ತಲೆಯ ಮೇಲೆ ಒಂದು-ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಹರಿಯುವ ಗಾಳಿಯ ವೇಗವೂ ಹೆಚ್ಚುಕಡಿಮೆ ಇಷ್ಟೇ. ಇಳಿಜಾರು ಇಷ್ಟೇ ಇದ್ದು ನಾವು ದೆಹಲಿಯ ಆಚೆ, 45 ಡಿಗ್ರಿ ಉತ್ತರದಲ್ಲಿ ಇದ್ದಿದ್ದರೆ 15-16 ಕಿಲೋಮೀಟರ್ ವೇಗಕ್ಕೇ ತಕ್ಕಡಿ ಸಮವಾಗುತ್ತಿತ್ತು. ಸಮಭಾಜಕಕ್ಕೆ ಹತ್ತಿರ ಬಂದಷ್ಟೂ ಬಲಗಡೆ ಎತ್ತು ಹೆಚ್ಚು ಸೋಮಾರಿ. ಅದನ್ನು ಎಬ್ಬಿಸಲು ಹೆಚ್ಚು ವೇಗ ಬೇಕು.

ಈ ಗಾಳಿ ಹುಟ್ಟುವುದು ಅರಬ್ಬೀ ಸಮುದ್ರದಲ್ಲೂ ಅಲ್ಲ. ಮಡಗಾಸ್ಕರ್ ಪೂರ್ವಕ್ಕೆ, ಮ್ಯಾಸ್ಕರೀನ್ ದ್ವೀಪಗಳ ಹತ್ತಿರ ಹೆಚ್ಚು ಒತ್ತಡದ ಒಂದು ದಿಬ್ಬ ಇದೆ. ಅಲ್ಲಿಂದ ಆಗ್ನೇಯ ಗಾಳಿಯಾಗಿ ಹೊರಟು, ಕೆನ್ಯಾ ಹತ್ತಿರ ಸಮಭಾಜಕ ದಾಟಿ, ಈಚೆ ಬಂದ ಕೂಡಲೇ ಬಲಕ್ಕೆ ಹೊರಳಿ ನೈಋತ್ಯ ಗಾಳಿಯಾಗುತ್ತದೆ. ಆಫ್ರಿಕಾದ ಪೂರ್ವದ ಗುಡ್ಡಗಳು ಅದನ್ನು ಆ ಕಡೆ ಹೋಗಲು ಬಿಡದೆ ಒತ್ತಿ ಹಿಡಿಯುವುದರಿಂದ ಸೊಮಾಲಿಯಾ ಕರಾವಳಿಯಲ್ಲಿ ಮೇಲಿನ ಗಾಳಿ ಗಂಟೆಗೆ 90 ಕಿಲೋಮೀಟರ್ ದಾಟುವುದುಂಟು. 1969ರಲ್ಲಿ ಫಿಂಡ್ಲೇಟರ್ ಎಂಬ ಹವಾಮಾನ ತಜ್ಞರು ಈ ಹರಿವಿನ ಚಿತ್ರ ಬರೆದು ತೋರಿಸಿದರು. ಯಲಬುರ್ಗಾದ ಮಟ್ಟಿಯ ಮೇಲೆ ನಿಂತವರ ಟವೆಲು ಹಾರಿಸಿಕೊಂಡು ಹೋಗುವ ಗಾಳಿಯ ಬೇರು ಅಲ್ಲಿದೆ.

ಗಾಳಿ ಅಷ್ಟು ದೂರದಿಂದ ನೀರು ಹೊತ್ತು ತಂದರೂ ನಮಗೆ ಯಾಕೆ ಮಳೆ ಕೊಡಲ್ಲ ಅಂತ ನೀವು ಕೇಳಿಲ್ಲ, ಆದರೆ ಕೇಳಿಯೇ ಕೇಳುತ್ತೀರಿ. ನೀರನ್ನು ಘಟ್ಟದ ಆಚೆ ಇಳಿಸಿ ಬರುತ್ತದೆ. ಘಟ್ಟ ಇಳಿಯುವಾಗ ಬಿಸಿಯಾಗಿ ಮೋಡ ಚದುರುತ್ತದೆ. ಬಯಲಿಗೆ ಸಿಗುವುದು ಬರೀ ಗಾಳಿ. "ಗಾಳಿ ಮೋಡ ಎಳಕೊಂಡು ಹೋತು" ಅಂತ ನಮ್ಮ ಕಡೆ ಬೈಯುತ್ತಾರಲ್ಲ, ಅದರಲ್ಲಿ ತಪ್ಪೇನಿಲ್ಲ.

ದಿಕ್ಕಿನ ವಿಷಯದಲ್ಲಿ ನಾನೇ ಮುಖಭಂಗ ಮಾಡಿಕೊಂಡ ಕಥೆ ಒಂದಿದೆ. ಗಾಳಿ ಅಳೆಯುವ ಕೆಲಸಕ್ಕೆ ಸೇರಿದ ಹೊಸತು. ಯಲಬುರ್ಗಾ ಕಡೆ ಒಂದು ಮಟ್ಟಿಯ ಮೇಲೆ 80 ಮೀಟರ್ ಕಂಬ ನಿಲ್ಲಿಸಿದ್ದೆವು. ಮೂರು ಬಟ್ಟಲು ತಿರುಗುವ ಯಂತ್ರ ವೇಗಕ್ಕೆ, ಬಾಲ ಇರುವ ಬಾಣ ದಿಕ್ಕಿಗೆ. ಬಾಣದ ಬುಡದಲ್ಲಿ ಒಂದು ಗೀಟು ಇರುತ್ತದೆ, ಅದನ್ನು ಸರಿಯಾಗಿ ಉತ್ತರಕ್ಕೆ ಮಾಡಿ ಬಿಗಿಯಬೇಕು. ಜುಲೈ ತಿಂಗಳ ಲೆಕ್ಕ ಬಂತು. ದಿನಾ ಗಾಳಿ ಪೂರ್ವದಿಂದ. ನಾನು ಏನೋ ಹೊಸದು ಕಂಡುಹಿಡಿದೆ ಅಂತ ಎರಡು ದಿನ ಬೀಗಿದೆ. ಮೂರನೇ ದಿನ ಕಂಬದ ಕಾವಲಿಗೆ ಇದ್ದ ಅಜ್ಜನಿಗೆ ಹೇಳಿದರೆ ಅವರು ಬೀಡಿ ಹೊಗೆ ಬಿಟ್ಟು ತೋರಿಸಿ ಕೇಳಿದರು: "ಸಾಹೇಬ್ರ, ಆಷಾಢದಾಗ ಮೂಡಗಾಳಿ ಎಲ್ಲೈತ್ರೀ?" ಹೊಗೆ ಪೂರ್ವಕ್ಕೆ ಹೋಗುತ್ತಿತ್ತು. ಕಂಬ ಹತ್ತುವ ಹುಡುಗ ಮೇಲೆ ಹೋಗಿ ನೋಡಿ ಕೂಗಿದ, ಗೀಟು ದಕ್ಷಿಣಕ್ಕಿದೆ ಅಂತ. ನೆಲದ ಮೇಲೆ ಜೋಡಿಸುವಾಗ ತಿರುವುಮುರುವು ಮಾಡಿದವನು ನಾನೇ. ಅಂದಿನಿಂದ ಯಾವ ಯಂತ್ರದ ದಿಕ್ಕನ್ನೂ ಮೊದಲು ಹೊಗೆ ನೋಡಿ ಒಪ್ಪುತ್ತೇನೆ.

ಇನ್ನು ನೆಲದ ತಿಕ್ಕಾಟ. ಇದು ಬಂಡಿಯ ಗಾಲಿ ಹೂತುಕೊಂಡ ಹಾಗೆ. ಗಾಳಿ ಎರೆಹೊಲ, ಜಾಲಿಗಿಡ, ಮನೆ, ಗುಡ್ಡಗಳಿಗೆ ಉಜ್ಜಿಕೊಂಡು ಹೋಗುವಾಗ ವೇಗ ಕಳೆದುಕೊಳ್ಳುತ್ತದೆ. ವೇಗ ಕಡಿಮೆಯಾದರೆ ಬಲಗಡೆ ಎತ್ತು ಮತ್ತೆ ಮಂಕಾಗುತ್ತದೆ. ಎಡಗಡೆಯದಕ್ಕೆ ಏನೂ ಆಗಿಲ್ಲ, ಅದು ಅಷ್ಟೇ ಜಗ್ಗುತ್ತಿದೆ. ಹಾಗಾಗಿ ಬಂಡಿ ಸ್ವಲ್ಪ ಎಡಕ್ಕೆ, ಕಡಿಮೆ ಒತ್ತಡದ ಕಡೆಗೆ ವಾಲುತ್ತದೆ. ನೆಲ ವೇಗ ಕಡಿಮೆ ಮಾಡುವುದಷ್ಟೇ ಅಲ್ಲ, ದಿಕ್ಕನ್ನೂ ತಿರುಗಿಸುತ್ತದೆ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಆಷಾಢದಲ್ಲಿ ಮೇಲಿನ ಮೋಡದ ಓಟ ನೋಡಿ, ಆಮೇಲೆ ನೆಲದ ಧೂಳು ನೋಡಿ. ಮೋಡ ಪಶ್ಚಿಮದಿಂದ ನೆಟ್ಟಗೆ ಬರುತ್ತಿದ್ದರೆ ಧೂಳು ಒಂದಿಷ್ಟು ನೈಋತ್ಯದ ಕಡೆಯಿಂದ ಬರುತ್ತಿರುತ್ತದೆ. ಕೊಪ್ಪಳ ಕೋಟೆಯ ಮೇಲೆ ನಿಂತು ನೋಡಿದರೆ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಬೈಸ್ ಬ್ಯಾಲಟ್ ಸೂತ್ರವನ್ನು ನೆಲದ ಮೇಲೆ ಬಳಸುವಾಗ ಕೈಯನ್ನು ಪೂರ್ತಿ ಎಡಕ್ಕೆ ಚಾಚಬೇಡಿ, ಸ್ವಲ್ಪ ಮುಂದಕ್ಕೆ ತನ್ನಿ.

ಚಳಿಗಾಲಕ್ಕೂ ಇದೇ ಲೆಕ್ಕ. ಆಗ ಉತ್ತರದ ನೆಲ ತಣ್ಣಗಾಗಿ ಅಲ್ಲಿ ಒತ್ತಡ ಹೆಚ್ಚು, ಕಡಿಮೆ ಒತ್ತಡ ದಕ್ಷಿಣದ ಸಮುದ್ರದ ಕಡೆ. ಅದಕ್ಕೇ ಗವಿಮಠದ ಜಾತ್ರೆಯ ಹೊತ್ತಿಗೆ ನಮಗೆ ಮೂಡಗಾಳಿ, ಈಶಾನ್ಯದ ಗಾಳಿ. ಬೆನ್ನು ಕೊಟ್ಟು ನಿಂತರೆ ಎಡಗೈ ದಕ್ಷಿಣಕ್ಕೆ. ನವೆಂಬರಿನಲ್ಲಿ ಒಂದು ದಿನ ನಿಮ್ಮ ಫ್ಯಾನುಗಳು ತಟ್ಟನೆ ಉತ್ತರಕ್ಕೆ ಮುಖ ತಿರುಗಿಸಿದರೆ ಟಿವಿ ಹಚ್ಚಿ ನೋಡಿ. ಬಹುಶಃ ಬಂಗಾಳಕೊಲ್ಲಿಯಲ್ಲಿ, ಚೆನ್ನೈ ಕಡೆ ಏನೋ ಎದ್ದಿರುತ್ತದೆ.

ಎಲ್ಲ ಗಾಳಿಗೂ ಈ ಸೂತ್ರ ಹಚ್ಚಲು ಹೋಗಬೇಡಿ. ಬಲಗಡೆ ಎತ್ತು ಏಳಲು ಹೊತ್ತು ಬೇಕು. ನಮ್ಮ ಅಕ್ಷಾಂಶದಲ್ಲಿ ಏಳೆಂಟು ಗಂಟೆಯಾದರೂ ಬೇಕು. ಏಪ್ರಿಲ್-ಮೇ ತಿಂಗಳ ಸಂಜೆ ಗಂಗಾವತಿ, ಕಂಪ್ಲಿ ಕಡೆ ಬಾಳೆತೋಟ ಮಲಗಿಸುವ ಗಾಳಿ ಅರ್ಧ ಗಂಟೆಯ ಆಟ. ಎತ್ತರದ ಮೋಡದಿಂದ ಬೀಳುವ ಹನಿಗಳು ಕೆಳಗಿನ ಒಣ ಗಾಳಿಯಲ್ಲಿ ಆವಿಯಾಗುತ್ತವೆ. ಆ ಗಾಳಿ ತಣ್ಣಗಾಗಿ ಭಾರವಾಗಿ ಧೊಪ್ಪನೆ ಕೆಳಗೆ ಬೀಳುತ್ತದೆ, ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಮಳೆಗಿಂತ ಹತ್ತು ನಿಮಿಷ ಮುಂಚೆ ಮಣ್ಣಿನ ವಾಸನೆ ಹೊತ್ತು ಬರುವ ತಂಪು ಗಾಳಿ ಇದೇ. ಅದು ಮೋಡ ಇರುವ ಕಡೆಯಿಂದ ಬರುತ್ತದೆ. ಮೋಡ ಎಲ್ಲಿದ್ದರೂ ಸರಿ, ಪೂರ್ವಕ್ಕಿದ್ದರೆ ಪೂರ್ವದಿಂದ. ಅಲ್ಲಿ ಭೂಮಿಯ ತಿರುಗಾಟಕ್ಕೆ ಕೆಲಸವೇ ಇಲ್ಲ. ಬೇಸಿಗೆಯ ಮಧ್ಯಾಹ್ನ ಎರೆಹೊಲದಲ್ಲಿ ಧೂಳು, ಸೊಪ್ಪೆ ಎತ್ತಿಕೊಂಡು ಸುತ್ತುವ ಸುಳಿಗಾಳಿಯೂ ಹಾಗೆಯೇ. ಒಂದು ಎಡಕ್ಕೆ ಸುತ್ತುತ್ತದೆ, ಇನ್ನೊಂದು ಬಲಕ್ಕೆ. ಬಚ್ಚಲ ನೀರು ಒಂದೇ ದಿಕ್ಕಿಗೆ ಸುತ್ತುವುದು ಕೊರಿಯೊಲಿಸ್‌ನಿಂದ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಅದು ಬಚ್ಚಲ ತೂತಿನ ಸೊಟ್ಟದಿಂದ.

ಈಗ ನಿಮ್ಮ ಬೇವಿನಮರ ಮತ್ತು ಫ್ಯಾನ್. ನಿಮ್ಮ ಮರ ಹತ್ತು ಮೀಟರ್ ಎತ್ತರ ಇದ್ದೀತು. ಫ್ಯಾನಿನ ನಡು ಇರುವುದು 100ರಿಂದ 140 ಮೀಟರ್ ಎತ್ತರದಲ್ಲಿ, ರೆಕ್ಕೆಯ ತುದಿ ಇನ್ನೂ ಮೇಲೆ. ಹಗಲಲ್ಲೂ ಅಲ್ಲಿ ಗಾಳಿ ಜಾಸ್ತಿ. ಬಯಲು ನೆಲದಲ್ಲಿ 10 ಮೀಟರಿನ ಗಾಳಿಗಿಂತ 120 ಮೀಟರಿನ ಗಾಳಿ ಸುಮಾರು 1.4 ಪಟ್ಟು ಇರುತ್ತದೆ. ಇದು ಕಡಿಮೆ ಅನ್ನಿಸಬಹುದು. ಆದರೆ ಗಾಳಿಯಿಂದ ಸಿಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. 1.4 ಪಟ್ಟಾದರೆ ಮೂರು ಪಟ್ಟಿಗೆ ಹತ್ತಿರ. ಕಂಬವನ್ನು ಅಷ್ಟು ಎತ್ತರ ಮಾಡಿ ದುಡ್ಡು ಸುರಿಯುವುದು ಇದಕ್ಕೇ.

ರಾತ್ರಿಯ ಕಥೆ ಬೇರೆ. ಹಗಲು ಬಿಸಿಲಿಗೆ ಎರೆ ಕಾದು, ಬಿಸಿ ಗಾಳಿ ಗುಳ್ಳೆ ಗುಳ್ಳೆಯಾಗಿ ಮೇಲೇಳುತ್ತಿರುತ್ತದೆ. ಮೇಲಿನ ಗಾಳಿ ಕೆಳಗೆ ಇಳಿಯುತ್ತಿರುತ್ತದೆ. ಒಂದು ಕಿಲೋಮೀಟರ್, ಅದಕ್ಕೂ ಮೇಲಿನವರೆಗೆ ಎಲ್ಲ ಕಲಸಿದ ಅಂಬಲಿಯ ಹಾಗೆ. ನೆಲದ ತಿಕ್ಕಾಟದ ಸುದ್ದಿ ಅಷ್ಟೆತ್ತರದ ಗಾಳಿಗೂ ಮುಟ್ಟುತ್ತದೆ. ಮೇಲಿನ ವೇಗದ ಪಾಲು ನೆಲದ ಗಾಳಿಗೂ ಸಿಗುತ್ತದೆ. ಮಧ್ಯಾಹ್ನ ಅಂಗಳದಲ್ಲಿ ಗಾಳಿ ಜಾಸ್ತಿ ಇರುವುದು ಇದರಿಂದ.

ಹೊತ್ತು ಮುಳುಗಿತು. ಆಕಾಶದಲ್ಲಿ ಮೋಡ ಇಲ್ಲ. ನೆಲ ಬೇಗ ತಣಿಯುತ್ತದೆ, ನೆಲಕ್ಕಂಟಿದ ಗಾಳಿಯೂ ತಣ್ಣಗಾಗಿ ಭಾರವಾಗಿ ಕೆಳಗೇ ಕೂರುತ್ತದೆ. ಅದರ ಮೇಲೆ ಹಗುರ ಬೆಚ್ಚನೆ ಗಾಳಿ. ಕಲಸುವುದು ನಿಂತುಹೋಯಿತು. ಅಂಗಳದ ಗಾಳಿಗೆ ಮೇಲಿನಿಂದ ಬರುತ್ತಿದ್ದ ಪಾಲು ನಿಂತಿತು, ಇದ್ದ ವೇಗವನ್ನು ನೆಲ ತಿಂದಿತು. ಎಲೆ ಅಲ್ಲಾಡುವುದಿಲ್ಲ. ಮೇಲಿನ ಗಾಳಿಗೆ ಮಾತ್ರ ಹಬ್ಬ. ಅದರ ಕಾಲು ಹಿಡಿದಿದ್ದ ನೆಲದ ತಿಕ್ಕಾಟ ಈಗ ಕೆಳಗಿನ ನೂರೋ ಇನ್ನೂರೋ ಮೀಟರಿನಲ್ಲೇ ಮುಗಿದುಹೋಗುತ್ತದೆ. ಒತ್ತಡ ತಳ್ಳುತ್ತಲೇ ಇದೆ, ತಡೆಯುವವರಿಲ್ಲ, ಹಾಗಾಗಿ ಮೇಲೆ ವೇಗ ಏರುತ್ತದೆ. ಫ್ಯಾನಿನ ರೆಕ್ಕೆ ಬೀಸುವುದು ಈ ಎರಡು ಪದರಗಳ ಗಡಿಯಲ್ಲೇ. ಗಂಟೆಗೆ 11 ಕಿಲೋಮೀಟರ್ ಗಾಳಿ ಸಿಕ್ಕರೂ ಅದು ತಿರುಗಲು ಸಾಕು. ಬೇಸಿಗೆಯ ಶುರುವಿನಲ್ಲಿ ನಮ್ಮ ಕಂಬಗಳ ಲೆಕ್ಕ ತೆಗೆದರೆ ಹತ್ತು ಮೀಟರಿನ ಯಂತ್ರ ಮಧ್ಯಾಹ್ನ ಜೋರು, ರಾತ್ರಿ ಸೊನ್ನೆಗೆ ಹತ್ತಿರ. 80 ಮೀಟರಿನದು ಉಲ್ಟಾ, ರಾತ್ರಿಯೇ ಜೋರು. ಮೊದಲ ಸಲ ನೋಡಿದಾಗ, ಆ ಗೀಟಿನ ಪ್ರಸಂಗ ನೆನಪಿದ್ದದ್ದರಿಂದ, ಯಾವುದೋ ತಂತಿ ಅದಲುಬದಲು ಮಾಡಿದ್ದೇನೆ ಅಂತ ಕಂಬದ ಹುಡುಗನನ್ನು ಸುಮ್ನೆ ಎರಡು ಸಲ ಹತ್ತಿಸಿದ್ದೆ.

ಮನೆ ಮೇಲೆ ಚಿಕ್ಕ ಗಾಳಿಯಂತ್ರ ಕೂರಿಸುವ ಯೋಚನೆ ಇದ್ದರೆ ಇಷ್ಟು ನೆನಪಿಡಿ. ಮರವೋ ಗೋಡೆಯೋ ಎಷ್ಟೆತ್ತರ ಇದೆಯೋ ಅದರ ಹತ್ತು ಪಟ್ಟು ದೂರದಲ್ಲಾದರೂ ಯಂತ್ರ ಇರಬೇಕು. ಹತ್ತು ಮೀಟರ್ ಬೇವಿನಮರಕ್ಕೆ ನೂರು ಮೀಟರ್. ಅಂಗಳದಲ್ಲಿ ಸಾಧ್ಯವಿಲ್ಲ ಅಲ್ವಾ? ಹಾಗಾದರೆ ದುಡ್ಡು ಉಳಿಸಿ, ಸೋಲಾರ್ ಹಾಕಿಸಿ.

ನಿಮ್ಮಜ್ಜನ ಲೆಕ್ಕಕ್ಕೆ ಬರುತ್ತೇನೆ. ಬಿಳಿಜೋಳದ ರಾಶಿ ಫೆಬ್ರವರಿ-ಮಾರ್ಚಿನದು. ಬೆಳಿಗ್ಗೆ ಏಳಕ್ಕೆ ಕಣದಲ್ಲಿ ಗಾಳಿ ಸತ್ತಂತಿರುತ್ತದೆ, ರಾತ್ರಿಯ ತಣ್ಣನೆ ಪದರ ಇನ್ನೂ ಹಾಸಿಕೊಂಡು ಮಲಗಿದೆ. ಆ ಹೊತ್ತಿಗೆ ಮೊರ ಎತ್ತಿ ಸುರಿದರೆ ಕಾಳೂ ಹೊಟ್ಟೂ ಒಂದೇ ಗುಪ್ಪೆಯಾಗಿ ಕಾಲ ಬುಡಕ್ಕೇ ಬೀಳುತ್ತವೆ. ಹೊತ್ತೇರಿ ನೆಲ ಕಾಯುತ್ತಿದ್ದ ಹಾಗೆ ಆ ಪದರ ತಳದಿಂದ ಕರಗುತ್ತಾ ಬರುತ್ತದೆ. ಒಂಬತ್ತು, ಒಂಬತ್ತೂವರೆಗೆ ಪೂರ್ತಿ ಕರಗಿ, ರಾತ್ರಿಯಿಡೀ ಮೇಲೆ ಹರಿಯುತ್ತಿದ್ದ ಗಾಳಿ ಕಣಕ್ಕೆ ಇಳಿಯುತ್ತದೆ. ಮೂಡಣದಿಂದ, ಒಂದೇ ಸಮ, ಒಂದೇ ದಿಕ್ಕಿಗೆ. ತೂರಲು ಬೇಕಾದದ್ದು ಜೋರು ಗಾಳಿಯಲ್ಲ, ಇಂಥ ಸಮಗಾಳಿ. ಕಾಳು ಕಾಲ ಬಳಿ, ಹೊಟ್ಟು ಎರಡು ಮಾರು ಆಚೆ. ಹನ್ನೆರಡು ದಾಟಿದರೆ ಮತ್ತೆ ಕೆಟ್ಟಿತು. ಬಿಸಿಗಾಳಿ ಅಲ್ಲಲ್ಲಿ ಎದ್ದು, ಗಾಳಿ ಒಮ್ಮೆ ಎದುರಿಗೆ, ಒಮ್ಮೆ ಪಕ್ಕಕ್ಕೆ ಹೊಡೆದು, ತೂರಿದ ಹೊಟ್ಟು ತಿರುಗಿ ಕಾಳಿನ ಮೇಲೇ ಬೀಳುತ್ತದೆ. "ಗಾಳಿ ಬಂದಾಗ ತೂರಿಕೋ" ಅಂತ ಗಾದೆ ಇದೆಯಲ್ಲ, ನಿಮ್ಮಜ್ಜ ಕಾಯುತ್ತಿದ್ದದ್ದು ಒಂಬತ್ತೂವರೆಯಿಂದ ಹನ್ನೆರಡರವರೆಗಿನ ಆ ಎರಡೂವರೆ ತಾಸಿಗೆ. ಈಗ ರಾಶಿ ಮಿಷನ್ನಿನಲ್ಲಿ ಆಗುತ್ತದೆ, ಫ್ಯಾನ್ ಅದರೊಳಗೇ ಇರುತ್ತದೆ. ಆದರೂ ಮುಂದಿನ ರಾಶಿಗೆ ಒಂದು ಮೊರ ಕಾಳು ಉಳಿಸಿಕೊಂಡು ಏಳು ಗಂಟೆಗೊಮ್ಮೆ, ಒಂಬತ್ತೂವರೆಗೊಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ ಸುರಿದು ನೋಡಿ. ಹೊಟ್ಟು ಎಲ್ಲಿ ಬಿತ್ತು ಅಂತ ಹೆಜ್ಜೆ ಎಣಿಸಿ ಬರೆದು ಕಳಿಸಿ.